ತಿಪ್ಪೆಯ ಹುಳು, ಎರಡು ಬಕೆಟ್ಟು

ಸಂಕ್ರಾಂತಿ ಮುಗಿದ ಮೇಲೆ ನಮ್ಮ ಹಿತ್ತಲಿನ ತೆಂಗಿನ ಮರವೊಂದು ಹೊಸ ಗರಿ ಬಿಚ್ಚಿತು. ನೋಡಿದರೆ ಗರಿಯ ಎಲೆಗಳೆಲ್ಲ ತುದಿಯಲ್ಲಿ ಓರೆಯಾಗಿ ತುಂಡಾಗಿದ್ದವು. ಎಡಕ್ಕೂ ಬಲಕ್ಕೂ ಒಂದೇ ಅಳತೆ, ದರ್ಜಿ ಕತ್ತರಿ ಆಡಿಸಿದ ಹಾಗೆ.

ನಮ್ಮ ಹಿತ್ತಲು ಅಂದೆ, ಆದರೆ ಮರ ನಮ್ಮದಲ್ಲ. ನನ್ನ ಗಂಡ ಮತ್ತು ಅವರ ಅಣ್ಣ ಪಾಲಾದಾಗ, ಬನವಾಸಿ ರಸ್ತೆಯ ಬದಿಯ ನಮ್ಮ ಮನೆಯ ನಡುವೆ ಒಂದು ಗೋಡೆ ಎದ್ದಿತು. ಹಿತ್ತಲಲ್ಲಿ ಗೋಡೆ ಹಾಕಲಿಲ್ಲ. ಅತ್ತೆ ನೆಟ್ಟಿದ್ದ ನಾಲ್ಕು ತೆಂಗಿನ ಮರ ಭಾವನವರ ಪಾಲಿಗೆ ಹೋದವು. ದನ ನಮಗೆ ಬಂದದ್ದರಿಂದ ತಿಪ್ಪೆಯೂ ನಮಗೇ ಬಂತು. ತಿಪ್ಪೆ ಇರುವುದು ಆ ಮರಗಳ ಬುಡದಿಂದ ಸ್ವಲ್ಪ ಆಚೆಗೆ. ಮರ ಅವರದು, ತಿಪ್ಪೆ ನಮ್ಮದು, ನಡುವಿನ ನೆಲ ಯಾರದು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆ ಉಳಿದದ್ದರಿಂದಲೇ ಇರಬೇಕು, ಆ ನೆಲದ ಮೇಲೆ ಯಾರಾದರೂ ಕಾಲಿಟ್ಟರೆ ಎರಡೂ ಮನೆಯ ಕಿಟಕಿಯಿಂದ ಕಣ್ಣು ಬೀಳುತ್ತಿತ್ತು.

ಗರಿಯನ್ನು ಮೊದಲು ನೋಡಿದವರು ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ. ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು. ನಾನು ಅಲ್ಲೇ ಬಟ್ಟೆ ಒಣಹಾಕುತ್ತಿದ್ದೆ. ಅವರು ಮೇಲೆ ನೋಡಿದರು, ನನ್ನ ಕಡೆ ನೋಡಿದರು, ಮತ್ತೆ ಮೇಲೆ ನೋಡಿದರು.

"ಮೊನ್ನೆ ನಿಮ್ಮ ಮನಿಯವರು ಏಣಿ ತಂದಿದ್ರಲ್ಲ, ಯಾಕ?" ಅಂದರು.

"ಹಂಚು ಒಡೆದಿತ್ತಲ್ರೀ ಅಕ್ಕಾ, ಬದಲಿ ಮಾಡಾಕ."

"ಹಂಚಿಗೆ ಅಷ್ಟು ಉದ್ದನ್ನ ಏಣಿ ಬೇಕಾತೇನ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಒಳಗೆ ಹೋಗಿ ಅನ್ನಕ್ಕೆ ನೀರಿಡುವಾಗ ಅರ್ಥವಾಯಿತು. ನನ್ನ ಗಂಡ ರಾತ್ರೋರಾತ್ರಿ ಏಣಿ ಹಾಕಿ, ಅಣ್ಣನ ಮರ ಹತ್ತಿ, ಕತ್ತರಿಯಿಂದ ಸುಳಿ ಕತ್ತರಿಸಿ ಬಂದಿದ್ದಾರೆ ಅನ್ನುವುದು ಅವರ ಮನಸ್ಸಿನಲ್ಲಿ! ನಮ್ಮವರು ಕುರ್ಚಿಯ ಮೇಲೆ ನಿಂತು ಬಲ್ಬ್ ಹಾಕಲೂ ಹೆದರುವವರು. ನಗು ಬಂತು. ಆದರೆ ಮರುದಿನ ಆ ಮರದ ಬುಡದಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ನೋಡಿದಾಗ ನಗು ಹೋಯಿತು. ನೇರವಾಗಿ ನಮ್ಮ ಹಿಂಬಾಗಿಲಿಗೆ ಮುಖಮಾಡಿ ಕಟ್ಟಿದ್ದರು.

ಮುಂದಿನ ಗರಿಯೂ ಹಾಗೆಯೇ ಬಂತು. ಅದರ ಪಕ್ಕದ ಮರದ್ದೂ ಹಾಗೆಯೇ. ಕಾಯಿ ಕೀಳುವವನು ಬಂದಾಗ ಅಕ್ಕ ಅವನನ್ನು ಮೇಲೆ ಹತ್ತಿಸಿ ನೋಡಿಸಿದರು. ಸುಳಿಯ ಬುಡದಲ್ಲಿ ತೂತಿತ್ತಂತೆ, ತೂತಿನ ಬಾಯಲ್ಲಿ ಅಗಿದುಗುಳಿದ ನಾರಿತ್ತಂತೆ. ಅವನು ತಂತಿ ತುರುಕಿ ಏನನ್ನೋ ಎಳೆದು ಕೆಳಗೆ ಎಸೆದ. ಹೆಬ್ಬೆರಳಿಗಿಂತ ದಪ್ಪದ ಕಪ್ಪು ದುಂಬಿ, ಮೂತಿಯ ಮೇಲೆ ಹಿಂದಕ್ಕೆ ಬಾಗಿದ ಒಂದು ಕೊಂಬು. ಬೆನ್ನಡಿಯಾಗಿ ಬಿದ್ದು ಕಾಲು ಆಡಿಸುತ್ತಿತ್ತು.

"ಕುರುವಾಯಿ ರೀ. ಕೊಂಬಿನ ಹುಳ," ಅಂದ ಅವನು ಇಳಿಯುತ್ತ. "ತಿಪ್ಪಿಯೊಳಗ ಹುಟ್ಟತಾವು, ತೆಂಗಿಗೆ ಬರ್ತಾವು."

ಅವನು ಅಷ್ಟು ಹೇಳಿ ಕಾಯಿ ಕಟ್ಟಿಕೊಂಡು ಹೋದ. ಅಕ್ಕ ನಮ್ಮ ತಿಪ್ಪೆಯ ಕಡೆ ನೋಡುತ್ತ ನಿಂತರು. ನಿಂಬೆಹಣ್ಣು ಮಾರನೆಯ ದಿನ ಹೋಯಿತು. ಅನುಮಾನ ಮಾತ್ರ ಹೋಗಲಿಲ್ಲ. ನಮ್ಮವರ ಮೇಲಿದ್ದದ್ದು ನಮ್ಮ ತಿಪ್ಪೆಯ ಮೇಲೆ ಬಂತು.

ನನಗೂ ಒಂದು ಅನುಮಾನ ಶುರುವಾದದ್ದು ಆಗಲೇ. ಹುಳದ ನೆಪದಲ್ಲಿ ತಿಪ್ಪೆಯನ್ನು ಎತ್ತಿಸಿಬಿಟ್ಟರೆ ಆ ನಡುವಿನ ನೆಲ ತಾನಾಗಿಯೇ ಅವರ ಕಡೆಗೆ ಸೇರುತ್ತದಲ್ಲ? ಭಾವನವರು ಹೋದ ವರ್ಷ ಸಿದ್ದಾಪುರದ ಕಡೆಯಿಂದ ಒಂದು ಟ್ರ್ಯಾಕ್ಟರ್ ಗೊಬ್ಬರ ತರಿಸಿ ತೆಂಗಿನ ಬುಡಕ್ಕೆ ಹಾಕಿಸಿದ್ದರು. ಹುಳ ಅದರಲ್ಲಿ ಬಂದಿರಬಾರದೇಕೆ? ಇದನ್ನು ನಮ್ಮವರಿಗೆ ಹೇಳಿದೆ.

"ನೀ ಏನೂ ಮಾತಾಡಬ್ಯಾಡ," ಅಂದರು. "ತಿಪ್ಪಿ ಸುಮ್ನ ಮುಚ್ಚಿಬಿಡು. ಹುಳ ಇದ್ರೂ ಯಾರಿಗೂ ಕಾಣಬಾರದು."

ಮುಚ್ಚುವುದು ಹೇಗೆ? ಪ್ರತಿ ವರ್ಷ ಯುಗಾದಿಗೆ ಮುಂಚೆ ತಿಪ್ಪೆ ತೆಗೆದು ಹೊಲಕ್ಕೆ ಹೊಡೆಯಲೇಬೇಕು. ಗಾಡಿಯವನು ಬರುವ ಹಿಂದಿನ ದಿನ ಮಧ್ಯಾಹ್ನ, ಅಕ್ಕ ಮಲಗುವ ಹೊತ್ತು ನೋಡಿ ನಾನೇ ಸಲಿಕೆ ಹಿಡಿದು ಒಂದು ಮೂಲೆ ಕೆದಕಿದೆ. ಒಣ ಹೊದಿಕೆಯ ಕೆಳಗೆ, ಗೊಬ್ಬರ ಕಪ್ಪಾಗಿ ಬೆಚ್ಚಗಿದ್ದ ಕಡೆ, ಇದ್ದವು. ಬಿಳಿ ಹುಳುಗಳು. ಒಂದೊಂದೂ ಕೊಡೆಯ ಹಿಡಿಕೆಯ ಹಾಗೆ ಬಾಗಿಕೊಂಡು ಮಲಗಿದ್ದವು. ತಲೆ ಕಂದು, ಹಿಂಭಾಗದ ಚರ್ಮದೊಳಗಿಂದ ತಿಂದ ಗೊಬ್ಬರ ಕಪ್ಪಗೆ ಕಾಣುತ್ತಿತ್ತು. ಬಿಸಿಲು ಬಿದ್ದೊಡನೆ ಮೆಲ್ಲಗೆ ಹೊರಳಿದವು. ಹಿಂತಿರುಗಿ ನೋಡಿದೆ. ಅವರ ಬಚ್ಚಲ ಕಿಟಕಿಯ ಬಾಗಿಲು ಆಗಷ್ಟೇ ಮುಚ್ಚಿದ ಹಾಗಿತ್ತು.

ಸುಮ್ಮನೆ ಕೋಳಿಗೆ ಹಾಕಿಬಿಡಬಹುದಿತ್ತು. ಆದರೆ ಆ ಚಳಿಗಾಲದಲ್ಲಿ ನಾನು ಮೊಬೈಲಿನಲ್ಲಿ ಇದನ್ನೇ ನೋಡುತ್ತ ಕೂತಿದ್ದೆ. ಗೊಬ್ಬರದಲ್ಲಿ ಸಿಗುವ ಬಿಳಿ ಹುಳವೆಲ್ಲ ಕುರುವಾಯಿಯೇ ಅಲ್ಲವಂತೆ. ಹೂವಿಗೆ ಬರುವ ದುಂಬಿಯ ಮರಿಯೂ ಹೀಗೆಯೇ ಇರುತ್ತದಂತೆ. ಅದು ಗೊಬ್ಬರ ತಿಂದು ಪುಡಿ ಮಾಡುತ್ತದೆಯೇ ಹೊರತು ತೆಂಗಿನ ತಂಟೆಗೆ ಹೋಗುವುದಿಲ್ಲ. ಗುರುತು ಏನೆಂದರೆ, ಹೂವಿನ ದುಂಬಿಯ ಮರಿಯನ್ನು ನೆಲಕ್ಕೆ ಬಿಟ್ಟರೆ ಬೆನ್ನಡಿಯಾಗಿ, ಕಾಲು ಮೇಲೆ ಮಾಡಿಕೊಂಡು ತೆವಳುತ್ತದೆ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೆಲವನ್ನು ಬಿಟ್ಟೆ. ಒಂದು ಹೊರಳಿ ಬೆನ್ನ ಮೇಲಾಯಿತು, ಕಾಲು ಆಕಾಶಕ್ಕೆ ಮಾಡಿ ಮೈಯನ್ನು ಅಲೆಅಲೆಯಾಗಿ ಹಿಂಡುತ್ತ ಸರಸರನೆ ಹೊರಟೇಬಿಟ್ಟಿತು. ಇನ್ನೊಂದೂ ಹಾಗೆಯೇ. ಎರಡು ದೊಡ್ಡವು ಮಾತ್ರ ಪಕ್ಕಕ್ಕೆ ಬಿದ್ದುಕೊಂಡು ಅಲ್ಲೇ ಒದ್ದಾಡಿದವು. ಅವಕ್ಕೆ ಬಿಸಿಲು ತಡೆಯದೆ ಹಾಗಾಯಿತೋ, ಅವು ಬೇರೆ ಜಾತಿಯವೋ ಗೊತ್ತಾಗಲಿಲ್ಲ. ಮೊಬೈಲಿನವರು ಹೇಳಿದ್ದನ್ನೆಲ್ಲ ನಂಬುವುದು ಹೇಗೆ ಅಂತಲೂ ಅನಿಸಿತು. ಬೆಳೆದು ಏನಾಗುತ್ತವೆಂದು ಕಣ್ಣಾರೆ ನೋಡುವುದೇ ವಾಸಿ ಎಂದು ಹಳೆಯ ಪೇಂಟ್ ಬಕೆಟ್ಟಿಗೆ ಗೊಬ್ಬರ ತುಂಬಿ, ಎಲ್ಲವನ್ನೂ ಅದರೊಳಗೆ ಬಿಟ್ಟು, ಮೇಲೆ ಜಾಳಿಗೆ ಕಟ್ಟಿ ಕೊಟ್ಟಿಗೆಯ ಹಿಂದೆ ಇಟ್ಟೆ.

ಎರಡು ದಿನ ಕಳೆಯಲಿಲ್ಲ. ಹಾಲು ಹಿಂಡಿ ಹೊರಗೆ ಬಂದರೆ ಅಕ್ಕ ಬಕೆಟ್ಟಿನ ಮುಂದೆ ಕೂತು ಕಡ್ಡಿಯಿಂದ ಗೊಬ್ಬರ ಕೆದಕುತ್ತಿದ್ದರು.

"ಹುಳ ಸಾಕಾಕತ್ತಿ ಏನ?" ಅಂದರು. "ದೊಡ್ಡವು ಮಾಡಿ ನಮ್ಮ ಗಿಡಕ್ಕ ಬಿಡಾಕ?"

"ಅಕ್ಕಾ, ಇವು ಯಾವ ಹುಳ ಅಂತ ನೋಡಾಕ ಇಟ್ಟೀನ್ರಿ."

"ನೋಡಾಕ? ಹಾವು ಯಾವುದು ಅಂತ ನೋಡಾಕ ಯಾರರೆ ಹಾಲು ಹಾಕಿ ಸಾಕ್ತಾರೇನ? ಅತ್ತಿ ನೆಟ್ಟ ಗಿಡ ಅವು. ನಿನಗ ಬರಲಿಲ್ಲ ಅಂತ ಹೊಟ್ಟಿ ಉರಿ ನಿನಗ."

ಅದು ನನಗೆ ಚುಚ್ಚಿತು. ಅತ್ತೆ ಹಾಸಿಗೆ ಹಿಡಿದಾಗ ಆ ಗಿಡಗಳಿಗೆ ನೀರು ಹೊತ್ತವಳು ನಾನು. ಅದನ್ನು ಹೇಳಿದೆ. ಅವರೂ ಹೇಳಿದರು. ಅತ್ತೆಗೆ ಊಟ ಮಾಡಿಸಿದ್ದು, ನನ್ನ ತವರಿನ ಮಾತು, ಪಾಲಿನಲ್ಲಿ ಹೋದ ತಾಮ್ರದ ಹಂಡೆ, ಎಲ್ಲ ಬಂದು ಹೋಯಿತು. ಹಂಡೆಯವರೆಗೆ ಬಂದ ಮೇಲೆ ಇಬ್ಬರಿಗೂ ದಣಿವಾಯಿತು.

"ಹಂಗಾದ್ರ ಒಂದು ಕೆಲಸ ಮಾಡೋಣ," ಅಂದೆ. "ಅರ್ಧ ನೀವು ಇಟ್ಕೊಳ್ರಿ, ಅರ್ಧ ನಾ ಇಟ್ಕೋತೀನಿ. ಏನಾಗ್ತಾವ ನೀವೂ ನೋಡ್ರಿ, ನಾನೂ ನೋಡ್ತೀನಿ. ಆಗ ನನಗ ಸುಳ್ಳು ಹೇಳಾಕ ಬರೂದಿಲ್ಲ."

ಅಕ್ಕ ಬಹಳ ಹೊತ್ತು ಯೋಚಿಸಿದರು. ಇದರಲ್ಲಿ ಏನು ಮೋಸ ಇದೆ ಎಂದು ಹುಡುಕುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಒಳಗೆ ಹೋಗಿ ತಮ್ಮ ಮನೆಯ ಬಕೆಟ್ಟು ತಂದರು. ನನ್ನ ಗೊಬ್ಬರ ಬೇಡವೆಂದು ತಮ್ಮ ತೆಂಗಿನ ಬುಡದ ಗೊಬ್ಬರವನ್ನೇ ತುಂಬಿದರು. ಒಲೆಯ ಇಕ್ಕಳದಿಂದ ತಾವೇ ಒಂದೊಂದಾಗಿ ಆರಿಸಿಕೊಂಡರು. ದೊಡ್ಡವನ್ನೇ ಆರಿಸಿದರು.

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಹುಳಕ್ಕಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಕಾದೆವು. ನಾನು ಜಾಳಿಗೆಯ ಮೇಲೆ ಒಂದು ಮಾವಿನ ಎಲೆ ಇಟ್ಟು ಹೋಗುತ್ತಿದ್ದೆ. ಬಂದು ನೋಡಿದರೆ ಎಲೆ ಬೇರೆ ಕಡೆ ತಿರುಗಿರುತ್ತಿತ್ತು. ಅವರು ಸಂತೆಗೆ ಹೋದ ದಿನ ನಾನೂ ಅವರ ಬಕೆಟ್ಟಿನ ಮುಚ್ಚಳ ಎತ್ತಿದೆ. ಮುಚ್ಚಳದ ಸುತ್ತ ಬೂದಿ ಸವರಿದ್ದರು. ನನ್ನ ಬೆರಳಿನ ಗುರುತು ಅದರಲ್ಲಿ ಚೆನ್ನಾಗಿ ಮೂಡಿತು. ಸಂಜೆ ಅವರು ನನ್ನ ಕೈ ಕಡೆ ಮಾತ್ರ ನೋಡಿದರು.

ಈ ಮಧ್ಯೆ ಯಲ್ಲಾಪುರದ ನನ್ನ ತವರಿನಲ್ಲಿ ತಮ್ಮನ ಮದುವೆ ಬಂತು. ಒಂದು ವಾರ ಮನೆ ಬಿಡಬೇಕು. ಬಕೆಟ್ಟನ್ನು ಯಾರನ್ನು ನಂಬಿ ಬಿಟ್ಟು ಹೋಗಲಿ? ನಮ್ಮವರು ನಾನು ಬಸ್ ಹತ್ತುವ ಮುಂಚೆಯೇ ಅದನ್ನು ಕೋಳಿಗೆ ಸುರಿದುಬಿಡುವವರು. ಅಕ್ಕನೋ, ಒಂದು ಕುರುವಾಯಿ ಮರಿಯನ್ನು ತಂದು ಇದರೊಳಗೆ ಸೇರಿಸಿ, ಬಂದ ಮೇಲೆ ನೋಡು ಅಂದರೆ? ರೇಷ್ಮೆ ಸೀರೆಯ ಚೀಲ ಒಂದು ಕೈಯಲ್ಲಿ, ಪೇಂಟ್ ಬಕೆಟ್ಟು ಇನ್ನೊಂದು ಕೈಯಲ್ಲಿ ಹಿಡಿದು ಬಸ್ ಹತ್ತಿದೆ.

ಶಿರಸಿ ದಾಟಿದ ಮೇಲೆ ಕಂಡಕ್ಟರ್ ಬಕೆಟ್ಟಿನ ಹತ್ತಿರ ಬಗ್ಗಿದ. "ಏನ್ರೀ ಅಮ್ಮಾ ಇದರಾಗ?"

"ಗೊಬ್ಬರ."

"ಯಲ್ಲಾಪುರದಾಗ ಗೊಬ್ಬರ ಸಿಗಂಗಿಲ್ಲೇನ್ರಿ?"

"ಇದು ಹೂವಿನ ಗಿಡಕ್ಕ ಹಾಕೋದು," ಅಂದೆ. ಅಷ್ಟರಲ್ಲಿ ಬಸ್ಸು ಕುಲುಕಿ ಒಂದು ಹುಳ ಜಾಳಿಗೆಯ ಕೆಳಗೆ ಬಂದು ಬೆನ್ನಡಿಯಾಗಿ ತೆವಳಿತು. ಕಂಡಕ್ಟರ್ ಅದನ್ನು ನೋಡಿದ, ನನ್ನನ್ನು ನೋಡಿದ, ಮುಂದಿನ ಸೀಟಿಗೆ ಹೋದ. ನನ್ನ ಪಕ್ಕ ಕೂತಿದ್ದ ಹೆಂಗಸು ಎದ್ದು ಹಿಂದೆ ನಿಂತುಕೊಂಡರು. ಯಲ್ಲಾಪುರದವರೆಗೂ ಆ ಸೀಟು ಖಾಲಿಯೇ ಇತ್ತು.

ಮದುವೆ ಮನೆಯಲ್ಲಿ ಅವ್ವ ಜಾಳಿಗೆಯೊಳಗೆ ಇಣುಕಿ ಹಣೆ ಬಡಿದುಕೊಂಡಳು. "ಮದುವಿ ಮನಿಗೆ ಹುಳ ತಂದೀಯಲ್ಲ, ನಿನಗೇನರೆ ತಲಿ ಕೆಟ್ಟೈತೇನ?" ಬೀಗರ ಕಣ್ಣಿಗೆ ಬೀಳದ ಹಾಗೆ ಸೌದೆಯ ಮನೆಯಲ್ಲಿಟ್ಟೆ. ಅರಿಸಿನ ಶಾಸ್ತ್ರದ ನಡುವೆಯೂ ಎದ್ದು ಹೋಗಿ ನೋಡಿ ಬರುತ್ತಿದ್ದೆ. ಬೀಗರ ಕಡೆಯ ಒಬ್ಬಾಕೆ ನಾನು ಸೌದೆಯ ಮನೆಗೆ ಪದೇಪದೇ ಹೋಗುವುದನ್ನು ಗಮನಿಸಿ, ಅಲ್ಲಿ ಬಂಗಾರ ಬಚ್ಚಿಟ್ಟಿದ್ದಾಳೆ ಅಂದುಕೊಂಡಳಂತೆ. ಇದು ಆಮೇಲೆ ಗೊತ್ತಾಯಿತು.

ಊರಿಗೆ ವಾಪಸು ಬರುವ ಹೊತ್ತಿಗೆ ಬಕೆಟ್ಟಿನಲ್ಲಿ ಹುಳ ಕಾಣಲಿಲ್ಲ. ಮೊದಲು ಅನಿಸಿದ್ದು, ಕದ್ದರು! ಕೈ ಹಾಕಿ ತಡಕಿದರೆ ತಳದಲ್ಲಿ ಗಟ್ಟಿ ಉಂಡೆಗಳು ಸಿಕ್ಕವು. ನಿಂಬೆಗಾತ್ರದ ಮಣ್ಣುಂಡೆಗಳು, ಹೊರಗೆ ಒರಟು. ಕಿವಿಯ ಹತ್ತಿರ ಹಿಡಿದರೆ ಒಳಗೆ ಏನೋ ಮೆಲ್ಲಗೆ ಹೊರಳಿದ ಹಾಗೆ. ಹುಳ ತನ್ನ ಹೊಲಸಿನಿಂದಲೇ ಮಣ್ಣು ಕಲಸಿ ಸುತ್ತ ಗೂಡು ಕಟ್ಟಿಕೊಂಡು, ಬಾಗಿಲಿಲ್ಲದ ಮನೆಯಲ್ಲಿ ಮಲಗಿತ್ತು. ಅಕ್ಕನ ಬಕೆಟ್ಟಿನಲ್ಲಿ ಉಂಡೆಗಳು ಕಡಿಮೆ. ದೊಡ್ಡ ಹುಳಗಳು ಉಂಡೆ ಕಟ್ಟದೆ ತಳಕ್ಕೆ ಇಳಿದುಬಿಟ್ಟಿದ್ದವು.

"ನಿನ್ನ ಹುಳ ಯಾಕ ಉಂಡಿ ಆಗ್ಯಾವ?" ಅಂದರು ಅಕ್ಕ. "ಏನರೆ ಪುಡಿ ಹಾಕಿಯೇನ?"

"ಮದುವಿ ಲಾಡು ತಿನ್ನಿಸೀನಿ," ಅಂದೆ. ಅವರು ನಗಲಿಲ್ಲ.

ಮೊದಲ ಮಳೆ ಬಿದ್ದ ಮಾರನೆಯ ಬೆಳಗ್ಗೆ ಜಾಳಿಗೆಯ ಕೆಳಗೆ ಸದ್ದು ಕೇಳಿತು. ಒಂದು ಉಂಡೆಯ ತುದಿ ಒಡೆದು ತೂತಾಗಿತ್ತು. ತೂತಿನಿಂದ ಹೊರಬಂದ ದುಂಬಿ ಗೊಬ್ಬರದ ಮೇಲೆ ಕೂತು ಕಾಲಿನಿಂದ ಮುಖ ಒರೆಸಿಕೊಳ್ಳುತ್ತಿತ್ತು. ಕೊಂಬು ಇರಲಿಲ್ಲ. ಚಪ್ಪಟೆ ಬೆನ್ನು, ಹಿತ್ತಾಳೆಯ ಹೊಳಪಿನ ಕಂದು, ಅಲ್ಲಲ್ಲಿ ಸುಣ್ಣದ ಚುಕ್ಕೆ ಬಿದ್ದ ಹಾಗೆ ಬಿಳಿ ಕಲೆ. ನಾನು ಅಂಗಳದಿಂದಲೇ ಕೂಗಿದೆ. ಅಕ್ಕ ಬಂದರು. ಕೈ ಮುಟ್ಟಿಸದೆ, ಬಗ್ಗಿ ಬಹಳ ಹೊತ್ತು ನೋಡಿದರು.

"ಇದು ಅದಲ್ಲ," ಅಂದರು ಕೊನೆಗೆ.

"ಅಲ್ಲ."

ಜಾಳಿಗೆ ತೆಗೆದೆ. ದುಂಬಿ ಬೆನ್ನಿನ ಕವಚವನ್ನು ಬಿಚ್ಚದೆಯೇ ಅದರ ಕೆಳಗಿನಿಂದ ರೆಕ್ಕೆ ಹೊರಚಾಚಿ ಗುಂಯ್ ಎಂದು ಎದ್ದಿತು. ನಮ್ಮಿಬ್ಬರ ತಲೆಯ ಮೇಲೊಂದು ಸುತ್ತು ಹಾಕಿ ನುಗ್ಗೆಯ ಹೂವಿನ ಕಡೆ ಹೋಯಿತು. ಆ ದಿನವಿಡೀ ನಾನು ಕಾಲು ನೆಲಕ್ಕೆ ತಾಗದವಳ ಹಾಗೆ ಓಡಾಡಿದೆ. ಸಂಜೆ ನಮ್ಮವರಿಗೆ ಹೇಳಿದೆ: ನಮ್ಮ ತಿಪ್ಪೆಯದು ತಪ್ಪಿಲ್ಲ. ಬೇಕೆಂದೇ ಜೋರಾಗಿ ಹೇಳಿದೆ, ಗೋಡೆಯಾಚೆ ಕೇಳಲಿ ಎಂದು.

ಕೆಲವು ದಿನ ಕಳೆದ ಮೇಲೆ ಅಕ್ಕ ನನ್ನನ್ನು ಕರೆದರು. ಈ ಸಲ ಅವರ ಧ್ವನಿಯಲ್ಲಿ ಜೋರು ಇರಲಿಲ್ಲ. ಬಕೆಟ್ಟಿನ ಗೊಬ್ಬರವನ್ನು ಅಗಲ ತಟ್ಟೆಗೆ ಮೆಲ್ಲಗೆ ಸುರಿದಿದ್ದರು. ಗಟ್ಟಿಯಾಗಿ ಒತ್ತಿದ ಗೊಬ್ಬರದ ನಡುವೆ ನುಣ್ಣಗೆ ಸಾರಿಸಿದಂಥ ಒಂದು ಗುಳಿ. ಗುಳಿಯಲ್ಲಿ ಜೇನಿನ ಬಣ್ಣದ ಒಂದು ಜೀವ, ಕಾಲು ಮಡಚಿಕೊಂಡು, ಹುಳವೂ ಅಲ್ಲದೆ ದುಂಬಿಯೂ ಅಲ್ಲದೆ ಮಲಗಿತ್ತು. ನಾವು ನೋಡುತ್ತಿದ್ದಂತೆ ಹಿಂಭಾಗ ಒಮ್ಮೆ ತಿರುಚಿತು. ಅದರ ಮೂತಿಯ ಮೇಲೆ ಸ್ಪಷ್ಟವಾಗಿ ಒಂದು ಮೊಳಕೆ ಎದ್ದಿತ್ತು. ಕೊಂಬು.

ಅವರ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅವರಿಗೂ ಗೊತ್ತಿತ್ತು.

"ನಿನಗ ಮೊದಲ ಗೊತ್ತಿತ್ತು," ಅಂದರು. "ದೊಡ್ಡವನ್ನ ಮ್ಯಾಲಿಟ್ಟಿದ್ದಿ, ನಾ ತಗೊಳ್ಳಲಿ ಅಂತ."

"ಆರಿಸಿದವ್ರು ನೀವು! ನಿಮ್ಮ ಗೊಬ್ಬರದಾಗ ಮೊದಲ ಇತ್ತೇನೋ. ಸಿದ್ದಾಪುರದ್ದಲ್ಲ ಅದು?"

"ಅದು ನಮ್ಮ ಗೊಬ್ಬರದಾಗ ಇದ್ರ ನಾ ನಿನ್ನ ಯಾಕ ಕರೀತಿದ್ದೆ? ಮುಚ್ಚಿಡ್ತಿದ್ದೆ."

ನಿಜ, ಅವರು ಮುಚ್ಚಿಡಬಹುದಿತ್ತು. ಕಲ್ಲಿನ ಮೇಲೆ ಪಕ್ಕಕ್ಕೆ ಬಿದ್ದು ಒದ್ದಾಡಿದ ಎರಡು ದೊಡ್ಡ ಹುಳ ನನಗೆ ನೆನಪಾದವು. ಅದನ್ನು ಅವರಿಗೆ ಹೇಳಿದೆ. ಹೇಳಿದರೆ ನನಗೇ ನಷ್ಟ ಎಂದು ಗೊತ್ತಿದ್ದೂ ಹೇಳಿದೆ. ಅಕ್ಕ ನನ್ನ ಮುಖವನ್ನೇ ನೋಡಿದರು. ಇದರಲ್ಲಿ ಯಾವ ಲೆಕ್ಕಾಚಾರ ಇದೆ ಎಂದು ಹುಡುಕುತ್ತಿದ್ದರೋ ಏನೋ.

ಮರುದಿನ ಶಿರಸಿಯ ತೋಟಗಾರಿಕೆ ಕಚೇರಿಗೆ ಹೋದೆವು. ಒಬ್ಬರು ಹೋಗಿ ಕೇಳಿಕೊಂಡು ಬಂದರೆ ಇನ್ನೊಬ್ಬರು ನಂಬುವ ಹಾಗಿರಲಿಲ್ಲ. ಹಾಗಾಗಿ ಇಬ್ಬರೂ, ಎರಡೂ ಬಕೆಟ್ಟು ಹಿಡಿದು. ಅಲ್ಲಿದ್ದ ಅಧಿಕಾರಿ ವಯಸ್ಸಿನಲ್ಲಿ ನಮಗಿಂತ ಚಿಕ್ಕ ಹೆಣ್ಣುಮಗಳು. ನಮ್ಮ ಜಗಳವನ್ನು ತಾಳ್ಮೆಯಿಂದ ಕೇಳಿದಳು.

"ಎರಡೂ ಒಂದೇ ಗೊಬ್ಬರದಲ್ಲಿ ಇರ್ತಾವೆ," ಅಂದಳು. "ಒಂದು ಒಳ್ಳೇದು, ಒಂದು ಕೆಟ್ಟದ್ದು. ಆದ್ರೆ ನಿಮ್ಮ ಮರಕ್ಕೆ ಬಂದ ದುಂಬಿ ಈ ತಿಪ್ಪೆದೇ ಅಂತ ಯಾರು ಹೇಳೋಕಾಗುತ್ತೆ? ಅದು ದೂರ ಹಾರುತ್ತೆ. ಗೊಬ್ಬರ ಅಷ್ಟೇ ಅಲ್ಲ, ಕೊಳೆತ ಮರದ ಬೊಡ್ಡೆಯಲ್ಲೂ ಮೊಟ್ಟೆ ಇಡುತ್ತೆ. ಎರಡೂ ಮನೆ ಹಿತ್ತಲು ನೋಡಿದೀರಾ?"

ಎರಡೂ ಮನೆ ಎಂದಾಗ ನಾನು ಅಕ್ಕನ ಕಡೆ ನೋಡಿದೆ. ಅವರು ಗೋಡೆಯ ಮೇಲಿದ್ದ ತೆಂಗಿನ ಚಿತ್ರ ನೋಡುತ್ತಿದ್ದರು.

ಹುಳಕ್ಕೆ ರೋಗ ಬರಿಸಿ ಕೊಲ್ಲುವ ಒಂದು ಬಗೆಯ ಬೂಷ್ಟಿನ ಪುಡಿ ಕೊಟ್ಟಳು. ನೀರಲ್ಲಿ ಕಲಸಿ ಗೊಬ್ಬರಕ್ಕೆ ಚಿಮುಕಿಸಬೇಕು. ಮರದ ಸುಳಿಯ ಸುತ್ತ ಬೇವಿನ ಹಿಂಡಿ ಮತ್ತು ಮರಳು ಬೆರೆಸಿ ತುಂಬಬೇಕು. ವಾಪಸು ಬರುವಾಗ ಬಸ್ಸಿನಲ್ಲಿ ಪುಡಿಯ ಪೊಟ್ಟಣ ಯಾರ ಮಡಿಲಲ್ಲಿರಬೇಕು ಎನ್ನುವುದಕ್ಕೂ ಸ್ವಲ್ಪ ಎಳೆದಾಡಿದೆವು. ಕೊನೆಗೆ ಇಬ್ಬರ ನಡುವೆ ಸೀಟಿನ ಮೇಲೆ ಇಟ್ಟೆವು.

ಮನೆಗೆ ಬಂದು ಸೀರೆ ಬದಲಿಸಿದವರೇ ಕೆಲಸಕ್ಕೆ ಇಳಿದೆವು. ಅಕ್ಕ ನಮ್ಮ ತಿಪ್ಪೆಯ ಗುಂಡಿಯಲ್ಲಿ ಉಳಿದಿದ್ದ ತಳದ ಗೊಬ್ಬರ ಹುಡುಕಲು, ನಾನು ಅವರ ಹಿತ್ತಲು ಹುಡುಕಲು. ಪೊಲೀಸರೂ ಅಷ್ಟು ಶ್ರದ್ಧೆಯಿಂದ ಹುಡುಕುವುದಿಲ್ಲ. ಅವರ ಬಚ್ಚಲ ಹಿಂದೆ ಹಳೆಯ ಹಂಚಿನ ರಾಶಿ ಇತ್ತು. ಹಂಚು ಸರಿಸಿದರೆ ಕೆಳಗೆ ಯಾವಾಗಲೋ ಕಡಿದು ಬಿಟ್ಟಿದ್ದ ತೆಂಗಿನ ಬೊಡ್ಡೆ. ಕೈಯಿಂದ ಒತ್ತಿದರೆ ಒದ್ದೆ ರೊಟ್ಟಿಯ ಹಾಗೆ ಕುಸಿಯಿತು. ಒಳಗೆ ಬಿಳಿ ಹುಳಗಳು, ದಪ್ಪದವು, ಒಂದೂ ಬೆನ್ನಡಿಯಾಗಿ ತೆವಳಲಿಲ್ಲ.

"ಅಕ್ಕಾ, ಇಲ್ಲಿ ಬರ್ರಿ!" ಎಂದು ಕೂಗಿದೆ. ಗೆದ್ದವಳ ಕೂಗು ಅದು.

"ನೀ ಇಲ್ಲಿ ಬಾ!" ಎಂದು ಆ ಕಡೆಯಿಂದ ಅವರೂ ಅಷ್ಟೇ ಜೋರಾಗಿ ಕೂಗಿದರು. ಅವರ ಅಂಗೈಯಲ್ಲಿ ಎರಡು ಹುಳ ಇದ್ದವು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಟ್ಟು ತೋರಿಸಿದರು. ಅವೂ ಪಕ್ಕಕ್ಕೆ ಬಿದ್ದು ಒದ್ದಾಡಿದವು. ಕಲ್ಲಿನ ಪರೀಕ್ಷೆಯನ್ನು ಅವರೂ ಕಲಿತುಬಿಟ್ಟಿದ್ದರು.

ಆ ಮಳೆಗಾಲ ಎರಡು ಕಡೆಗೂ ಪುಡಿ ಚಿಮುಕಿಸಿದೆವು. ಅವರದಕ್ಕೆ ನಾನು ನಿಂತು ನೋಡಿದೆ, ನಮ್ಮದಕ್ಕೆ ಅವರು. ಆಮೇಲೆ ಗೊಬ್ಬರ ಕೆದಕಿದಾಗ ಕೆಲವು ಹುಳ ಸತ್ತು ಗಟ್ಟಿಯಾಗಿ, ಮೈಮೇಲೆ ಹಸಿರು ಪುಡಿ ಹಾಕಿಕೊಂಡ ಹಾಗೆ ಸಿಕ್ಕವು. ಮೊದಲು ಪೆಟ್ಟು ತಿಂದ ಮರ ಉಳಿಯಲಿಲ್ಲ. ಸುಳಿ ಕೊಳೆತು ಒಂದು ದಿನ ಬಾಗಿಬಿಟ್ಟಿತು. ಅದನ್ನು ಕಡಿಸುವ ದಿನ ಅಕ್ಕ ಒಳಗೇ ಕೂತಿದ್ದರು, ಹೊರಗೆ ಬರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಕೊಡಲಿಯ ಸದ್ದು ನಿಲ್ಲುವವರೆಗೆ ಅಲ್ಲೇ ಇದ್ದೆ. ಉಳಿದ ಮೂರು ಮರ ಚೆನ್ನಾಗಿವೆ.

ಕಡಿದ ಕಾಂಡ ಹಿತ್ತಲಲ್ಲಿ ಬಿದ್ದಿತ್ತು. ಅದನ್ನು ಹಾಗೇ ಬಿಟ್ಟು ಕೊಳೆಸುತ್ತಾರೋ ಏನೋ ಎಂದು ನನಗೆ ಒಳಗೊಳಗೇ ಇತ್ತು. ಕೇಳಲು ಹೇಗೋ ಆಗುತ್ತಿತ್ತು. ಅವರೇ ಬಂದು ಹೇಳಿದರು.

"ಕಟ್ಟಿಗಿ ಮಾಡಿಸೀನಿ. ಬಚ್ಚಲ ಒಲಿಗೆ ಹಾಕಿ ಸುಡೋದು. ನಿನ್ನ ಕಣ್ಣ ಮುಂದನ ಸುಡ್ತೀನಿ, ಬಾ. ಇಲ್ಲಾಂದ್ರ ನಿನಗ ನಿದ್ದಿ ಬರೂದಿಲ್ಲ."

ಹೋದೆ. ತುಂಡುಗಳನ್ನು ಅವರು ಒಡೆದು ಕೊಟ್ಟರು, ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಒಲೆಗೆ ಹಾಕಿದೆ. ಹಸಿ ನಾರು ಹೊಗೆಯಾಡಿ ಇಬ್ಬರ ಕಣ್ಣಲ್ಲೂ ನೀರು ಬಂತು. ನೀರು ಕಾದ ಮೇಲೆ ಅಕ್ಕ, ನೀನೇ ಮೊದಲು ಸ್ನಾನ ಮಾಡಿ ಹೋಗು ಅಂದರು. ಅವರ ಬಚ್ಚಲಲ್ಲಿ ಸ್ನಾನ ಮಾಡಿ, ಅವರ ಮನೆಯಲ್ಲೇ ಉಂಡು, ಕತ್ತಲಾಗುವ ಮುಂಚೆ ಹಿತ್ತಲ ದಾರಿಯಲ್ಲೇ ನಮ್ಮ ಮನೆಗೆ ಬಂದೆ.